ಅಚ್ಚಿನಲ್ಲಿದ್ದ ಗೆರೆ

ಹೆಸರು ವಿಲ್ಮಾ ಹೌಗನ್, ದಿವಂಗತ ಲೀಫ್ ಹೌಗನ್‌ರ ಹೆಂಡತಿ. ವಯಸ್ಸು ಐವತ್ತೊಂಬತ್ತು. ಟಿಂಡಲ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಅಡುಗೆ ಕೆಲಸ. ವಾಸ ಆಲ್ಡರ್ ಕಾಲುವೆ ರಸ್ತೆಯ ಹೌಗನ್ ಫಾರ್ಮ್, ಮೊಂಟಾನ. ಇಂದು ಸೋಮವಾರ, ೧೯೯೧ರ ಅಕ್ಟೋಬರ್ ೧೪. ಆಸ್ಪತ್ರೆಯ ಕೋಣೆಯಲ್ಲಿ, ಪೂರ್ಣ ಎಚ್ಚರದಲ್ಲಿದ್ದು, ಮಧ್ಯಾಹ್ನದ ನೋವಿನ ಮಾತ್ರೆ ನುಂಗುವ ಮೊದಲು, ಡೆಪ್ಯೂಟಿ ಶೆರಿಫ್ ರೂಬೆನ್ ಸ್ಟಾಲ್ ಅವರ ಮುಂದೆ ನಾನಾಗಿಯೇ ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಗಂಡನ ತಮ್ಮ ಡ್ವೇನ್ ಹೌಗನ್, ವಯಸ್ಸು ನಲವತ್ತೇಳು, ತನ್ನ ಮುಖದ ಮೇಲೆ ನಾನು ಕಾದ ಸೀಸ ಎರಚಿದೆನೆಂದು ಹೇಳಿರುವುದಾಗಿ ಡೆಪ್ಯೂಟಿಯವರು ನನಗೆ ತಿಳಿಸಿದರು. ನಾನು ಎರಚಿಲ್ಲ. ಆದರೆ ನಡೆದದ್ದು ಏನೆಂದು ಹೇಳಬೇಕಾದರೆ ಅಚ್ಚಿನಿಂದ ಶುರು ಮಾಡಬೇಕಾಗುತ್ತದೆ.

ಕಳೆದ ಮೇ ತಿಂಗಳ ಒಂದು ಶನಿವಾರ, ನಮ್ಮ ಊರಿನ ಗಸ್ ಓಲ್ಮ್‌ಸ್ಟೆಡ್ ತೀರಿಕೊಂಡ ಮೇಲೆ, ಅವರ ಮಗಳು ಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಮೇಜು ಹಾಕಿ ಮಾರಾಟಕ್ಕೆ ಇಟ್ಟಿದ್ದಳು. ನಾನು ಜಾಮ್ ತುಂಬಲು ಗಾಜಿನ ಶೀಶೆಗಳಿಗಾಗಿ ಹೋಗಿದ್ದೆ. ಬಾಗಿಲ ತಿರುಗಣೆ, ಮೊಳೆ ತುಂಬಿದ್ದ ಕಾಫಿ ಡಬ್ಬಿಯೊಂದರ ತಳದಲ್ಲಿ ಗುಂಡಿನ ಅಚ್ಚು ಸಿಕ್ಕಿತು. ಇಕ್ಕಳದಂಥ ಮರದ ಹಿಡಿ, ತುದಿಯಲ್ಲಿ ಎರಡು ಕಬ್ಬಿಣದ ತುಂಡು, ಮುಚ್ಚಿದರೆ ಒಳಗೆ ಜೋಡಿ ಗುಣಿ. ತುಕ್ಕು ಹಿಡಿದಿತ್ತು. ಓಲ್ಮ್‌ಸ್ಟೆಡ್‌ರ ಮಗಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೇನು, ವಾಲ್‌ನಟ್ ಒಡೆಯೋದಾ? ನಮ್ಮಪ್ಪನಿಗೆ ಹಲ್ಲೇ ಇರ್ಲಿಲ್ವಲ್ಲ!" ಎಂದು ನಕ್ಕು, ಶೀಶೆಗಳ ಜೊತೆಗೇ ಕೊಟ್ಟುಬಿಟ್ಟಳು.

ನಾನು ರಿವಾಲ್ವರಿನಲ್ಲಿ ಗುರಿ ಹೊಡೆಯುತ್ತೇನೆ. ಲೀಫ್ ಕಲಿಸಿದ್ದು. ಅವರು ಟ್ರ್ಯಾಕ್ಟರ್ ಮಗುಚಿ ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆಯೂ ನಾನು ಊರಿನ ಗುರಿಕಾರರ ಕ್ಲಬ್ಬಿಗೆ ಬುಧವಾರ ಬುಧವಾರ ಹೋಗುವುದನ್ನು ಬಿಡಲಿಲ್ಲ. ಒಂದೇ ಕೈ ಚಾಚಿ ನಿಂತು, ಉಸಿರು ಅರ್ಧ ಬಿಟ್ಟು, ಕಾಗದದ ಕಪ್ಪು ಚುಕ್ಕೆಯನ್ನು ನೋಡುವಾಗ ಬೇರೇನೂ ನೆನಪಾಗುವುದಿಲ್ಲ. ಅಂಗಡಿಯ ಗುಂಡು ನನ್ನ ಸಂಬಳಕ್ಕೆ ಭಾರ. ಆದ್ದರಿಂದ ಅಚ್ಚು ಸಿಕ್ಕಿದ್ದಕ್ಕೆ ನನಗೆ ದೊಡ್ಡ ಸಂತೋಷವಾಯಿತು.

ತುಕ್ಕನ್ನು ಎಣ್ಣೆ ಹಚ್ಚಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದೆ. ಒಂದು ಗುಣಿ ಕನ್ನಡಿಯ ಹಾಗೆ ಹೊಳೆಯಿತು. ಇನ್ನೊಂದರಲ್ಲಿ ಯಾರೋ ಹಿಂದೆ ಅಂಟಿಕೊಂಡ ಗುಂಡನ್ನು ಮೊಳೆಯಿಂದ ಕೆರೆದು ತೆಗೆದಿರಬೇಕು, ಉದ್ದಕ್ಕೆ ಒಂದು ಗೀರು ಉಳಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಆ ಗುಣಿಯಲ್ಲಿ ಹೊಯ್ದ ಗುಂಡಿನ ಮೈಯುದ್ದಕ್ಕೂ ಕೂದಲೆಳೆಯಷ್ಟು ಉಬ್ಬಿದ ಗೆರೆ ಬರುತ್ತದೆ. ಗುರಿಗೆ ಅದರಿಂದ ತೊಂದರೆಯಿಲ್ಲ. ಈ ಜಾತಿಯ ಗುಂಡು ಹಿತ್ತಾಳೆಯ ಕೊಳವೆಯೊಳಗೆ ಪೂರ್ತಿ ಮುಳುಗಿ ಕೂರುವುದರಿಂದ, ತೋಟಾ ತಯಾರಾದ ಮೇಲೆ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗೆರೆಯ ವಿಷಯ ಗೊತ್ತಿದ್ದದ್ದು ನನಗೆ ಮತ್ತು ಡ್ವೇನ್‌ಗೆ ಮಾತ್ರ.

ಡ್ವೇನ್‌ಗೆ ಗೊತ್ತಿದ್ದದ್ದು ಏಕೆಂದರೆ, ನಾನು ನನ್ನ ಶೆಡ್ಡಿನಲ್ಲಿ ಎರಕ ಹೊಯ್ಯುವಾಗ ಅವನು ಬಂದು ಕೂರುತ್ತಿದ್ದ. ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಪಾತ್ರೆ. ಟೈರ್ ಅಂಗಡಿಯವರು ಕೊಟ್ಟ ಹಳೆಯ ಸೀಸದ ತುಂಡುಗಳು ಅದರಲ್ಲಿ ಮೊದಲು ಬಾಗಿ, ಆಮೇಲೆ ಒಮ್ಮೆಲೇ ಕುಸಿದು ಹೊಳೆಯುವ ನೀರಾಗುತ್ತವೆ. ಒಂದು ಚೂರು ಮೇಣ ಹಾಕಿ ಕಲಕಿದರೆ ಕಸ ಮೇಲೆ ಬರುತ್ತದೆ. ಸೌಟಿನಿಂದ ಅಚ್ಚಿಗೆ ಹೊಯ್ಯಬೇಕು. ಅಚ್ಚು ಕಾಯದಿದ್ದರೆ ಗುಂಡಿನ ಮೈ ಸುಕ್ಕುಗಟ್ಟುತ್ತದೆ, ಅತಿಯಾಗಿ ಕಾದರೆ ಇಬ್ಬನಿ ಕೂತಂತೆ ಮಂಕಾಗುತ್ತದೆ. ಎರಡರ ನಡುವಿನ ಹದ ಸಿಕ್ಕಾಗ ಒಂದರ ಹಿಂದೊಂದು ಬೆಳ್ಳಿಯಂತೆ ಉದುರುತ್ತವೆ. ನಾನು ಅವನ್ನು ನೀರಿನ ಬಕೆಟ್ಟಿಗೆ ಬೀಳಿಸುತ್ತೇನೆ. ಬೇಗ ತಣಿದು ಗಟ್ಟಿಯಾಗುತ್ತವೆ. ಬಕೆಟ್ಟನ್ನು ಯಾವಾಗಲೂ ಒಲೆಯಿಂದ ದೂರ, ಗೋಡೆಯ ಬದಿಗೆ ಇಡುತ್ತೇನೆ. ಡ್ವೇನ್ ನೋಡುತ್ತಾ, "ಶಾಲೆ ಮಕ್ಕಳಿಗೆ ಸೂಪು ಬಡಿಸೋ ಕೈಯಲ್ಲೇ ಇದನ್ನೂ ಬಡಿಸ್ತೀಯಲ್ಲ ವಿಲ್ಮಾ" ಎಂದು ತಮಾಷೆ ಮಾಡುತ್ತಿದ್ದ. ತಾನು ಮಾತ್ರ ಒಮ್ಮೆಯೂ ಹೊಯ್ದು ನೋಡಲಿಲ್ಲ.

ಅವನ ಬಗ್ಗೆ ಇದನ್ನೂ ಹೇಳಬೇಕು. ಫಾರ್ಮಿನ ಜಾಗ ಅವನ ಹೆಸರಿನಲ್ಲಿದೆ, ಅವನ ಮನೆಯೂ ನನ್ನ ಮನೆಯ ಪಕ್ಕದಲ್ಲೇ ಇದೆ. ಲೀಫ್ ಹೋದ ಮೇಲೆ ಮನೆ ಖಾಲಿ ಮಾಡು ಎಂದು ಅವನು ಒಂದು ದಿನವೂ ಅನ್ನಲಿಲ್ಲ. ಚಳಿಗಾಲದಲ್ಲಿ ನನ್ನ ಬಾಗಿಲ ಮುಂದಿನ ಹಿಮ ತೆಗೆದದ್ದು, ಸೌದೆ ಒಡೆದದ್ದು, ನನ್ನ ಕಾರು ಕೆಟ್ಟಾಗ ಶಾಲೆಗೆ ಬಿಟ್ಟು ಕರೆತಂದದ್ದು ಅವನೇ. ಹೆಂಡತಿ ಬಿಟ್ಟು ಹೋದ ಮೇಲೆ ಅವನ ಇಬ್ಬರು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಬರುತ್ತಾರೆ. ಅವರು ಬರುವ ವಾರ ಕ್ಷೌರ ಮಾಡಿಸಿಕೊಂಡು ಕಾಯುತ್ತಾನೆ.

ಆಗಸ್ಟ್ ತಿಂಗಳಲ್ಲಿ, ಕಾಲುವೆಯ ಏರಿಯಲ್ಲಿ ಹೆಗ್ಗಣಗಳು ಬಿಲ ತೋಡಿವೆ ಎಂದು ಹೇಳಿ ಅವನು ಒಂದು ಪೆಟ್ಟಿಗೆ ತೋಟಾ ಕೇಳಿದನು. ಲೀಫ್‌ರ ಎರಡನೆಯ ರಿವಾಲ್ವರ್ ಅವನ ಬಳಿಯೇ ಇತ್ತು. ಕೊಟ್ಟೆ. ನಾನು ಹೊಯ್ದ ಗುಂಡನ್ನು ಅವನ ಹೊರತು ಬೇರೆ ಯಾರಿಗೂ ಕೊಟ್ಟಿಲ್ಲ.

ಸೆಪ್ಟೆಂಬರ್ ೨೮ರ ಸಂಜೆ ನಮ್ಮ ನೆರೆಯ ಮಾರ್ವಿನ್ ಎಕ್ ಕಾಲುವೆಯ ತೂಬು ಎತ್ತುತ್ತಿದ್ದಾಗ ಯಾರೋ ಗುಂಡು ಹೊಡೆದರು. ಆ ತೂಬಿನ ನೀರಿಗಾಗಿ ಅವರಿಗೂ ಡ್ವೇನ್‌ಗೂ ಬೇಸಿಗೆಯಿಡೀ ಜಗಳವಿತ್ತು. ಮಾರ್ವಿನ್‌ರ ಎಡಗಾಲನ್ನು ಮೊಣಕಾಲಿನ ಮೇಲಿಂದ ಕತ್ತರಿಸಿದರು. ಸುದ್ದಿ ಕೇಳಿ ನಾನು ಆಲೂಗಡ್ಡೆ, ಮಾಂಸ ಬೇಯಿಸಿ ಹಾಟ್‌ಡಿಶ್ ಮಾಡಿ ಅವರ ಹೆಂಡತಿ ಐರಿಸ್‌ಗೆ ಕೊಟ್ಟು ಬಂದೆ. ಆಗ ನನಗೆ ಏನೂ ಅನುಮಾನವಿರಲಿಲ್ಲ. ಜಗಳಗಂಟ ಎನ್ನುವುದು ಬೇರೆ, ಗುಂಡು ಹೊಡೆಯುವವನು ಎನ್ನುವುದು ಬೇರೆ ಎಂದುಕೊಂಡಿದ್ದೆ.

ಅಕ್ಟೋಬರ್ ೯, ಬುಧವಾರ ಸಂಜೆ ಇದೇ ಡೆಪ್ಯೂಟಿ ಸ್ಟಾಲ್ ಅವರು ನಮ್ಮ ಕ್ಲಬ್ಬಿಗೆ ಬಂದು, ಮಾರ್ವಿನ್‌ರ ಕಾಲಿನಿಂದ ತೆಗೆದ ಗುಂಡಿನ ದೊಡ್ಡ ಫೋಟೋ ತೋರಿಸಿದರು. ಇದು ಮನೆಯಲ್ಲಿ ಎರಕ ಹೊಯ್ದದ್ದು, ಯಾರಿಗಾದರೂ ಗುರುತು ಸಿಗುತ್ತದೆಯೇ ಎಂದು ಕೇಳಿದರು. ಫೋಟೋ ಕೈಯಿಂದ ಕೈಗೆ ಬಂತು. ಗುಂಡಿನ ಮೂತಿ ಅಪ್ಪಚ್ಚಿಯಾಗಿತ್ತು. ಬುಡದ ಬದಿಯಲ್ಲಿ ಗೆರೆ ಇತ್ತು. ನನ್ನ ಕಾರು ಕೆಟ್ಟಿದ್ದರಿಂದ ನನ್ನನ್ನು ಕರೆತಂದಿದ್ದ ಡ್ವೇನ್ ಕಾಫಿ ಪಾತ್ರೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದನು. ಡೆಪ್ಯೂಟಿಯವರು ನನ್ನ ಹೆಸರು ಹಿಡಿದು ಕೇಳಿದಾಗ ನಾನು ಗೊತ್ತಿಲ್ಲ ಎಂದೆ. ಅದು ಸುಳ್ಳು.

ಹಿಂತಿರುಗುವಾಗ ಅವನ ಟ್ರಕ್ಕಿನಲ್ಲಿ ಸೇತುವೆ ದಾಟಿದೆವು. ಆಮೇಲೆ ಡ್ವೇನ್, "ನೋಡಿದ್ಯಾ?" ಎಂದನು. ನೋಡಿದೆ ಎಂದೆ. "ಹೆದರಿಸೋಣ ಅಂತ ಹೊಡೆದೆ ವಿಲ್ಮಾ. ತೂಬಿನ ಹಲಗೆಗೆ ಹೊಡೆದೆ. ಅವನು ಯಾಕೆ ಹಾಗೆ ಪಕ್ಕಕ್ಕೆ ಸರಿದನೋ ದೇವರಿಗೇ ಗೊತ್ತು" ಎಂದು ಹೇಳಿ, ಗಾಡಿ ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಅತ್ತನು. ನಾನು ಅವನ ಬೆನ್ನು ಸವರಿದೆ. ಇದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಮರುದಿನ ಬೆಳಿಗ್ಗೆ ಎದ್ದಾಗ ನನ್ನ ಮನೆಯ ಟೆಲಿಫೋನು ಗೋಡೆಯ ಮೇಲಿರಲಿಲ್ಲ. ಡ್ವೇನ್ ಮೊಟ್ಟೆ ಹುರಿದು ತಟ್ಟೆಯಲ್ಲಿ ಮುಚ್ಚಿ ತಂದನು. ನನಗೆ ಜ್ವರವೆಂದು ಶಾಲೆಗೆ ತಾನೇ ತಿಳಿಸಿರುವುದಾಗಿ ಹೇಳಿದನು. "ಎರಡು ದಿನ ಮನೇಲಿರು. ತಲೆ ತಣ್ಣಗಾಗ್ಲಿ, ಇಬ್ಬರದ್ದೂ" ಎಂದನು. ಗದರಿಸಲಿಲ್ಲ.

ಗೇಟಿಗೆ ಬೀಗ ಇರಲಿಲ್ಲ. ಹಾಗಿದ್ದರೆ ನೀವು ಏಕೆ ಹೋಗಲಿಲ್ಲ ಎಂದು ಡೆಪ್ಯೂಟಿಯವರು ಕೇಳಿದ್ದಕ್ಕೆ ಉತ್ತರ ಹೀಗಿದೆ. ನನ್ನ ಕಾರು ಇನ್ನೂ ಕೆಟ್ಟೇ ನಿಂತಿತ್ತು. ನಡೆದು ಹೋಗುವಷ್ಟು ಹತ್ತಿರವಿರುವ ಮನೆ ಒಂದೇ, ಅದು ಮಾರ್ವಿನ್ ಎಕ್‌ರದ್ದು. ಗುರುವಾರ ಮಧ್ಯಾಹ್ನ ಡ್ವೇನ್ ದನಗಳಿಗೆ ಹುಲ್ಲು ಹಾಕಲು ಹೋದಾಗ ನಾನು ಕೋಟು ಹಾಕಿಕೊಂಡು ಗೇಟಿನವರೆಗೆ ಹೋದೆ. ಅಲ್ಲಿಂದ ಐರಿಸ್‌ಳ ಅಡುಗೆಮನೆಯ ಕಿಟಕಿ ಕಾಣುತ್ತದೆ. ಅವಳು ಒಬ್ಬಳೇ ಇರುವಾಗ ಬಾಗಿಲು ತಟ್ಟಿ, ನಿನ್ನ ಗಂಡನ ಕಾಲು ತೆಗೆದ ಗುಂಡು ನಾನು ಹೊಯ್ದದ್ದು, ಸ್ವಲ್ಪ ಫೋನು ಕೊಡು ಎಂದು ಹೇಗೆ ಕೇಳುವುದು ಎಂದು ನಿಂತೆ. ಬಹಳ ಹೊತ್ತು ನಿಂತೆ. ನನ್ನ ಹಾಟ್‌ಡಿಶ್‌ನ ಪಾತ್ರೆಯನ್ನು ಅವಳು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ್ದಳು. ನಾನು ಹಿಂದಿರುಗಿ ಬಂದೆ. ಡ್ವೇನ್ ಕೊಟ್ಟಿಗೆಯ ಬಾಗಿಲಿನಲ್ಲಿ ನಿಂತು ಇದನ್ನೆಲ್ಲ ನೋಡಿದ್ದನು. "ಚಳಿ ಇದೆ, ಒಳಗೆ ಹೋಗು" ಎಂದಷ್ಟೇ ಹೇಳಿದನು.

ಶುಕ್ರವಾರ ಅವನು ನನ್ನ ಊಟದ ಮೇಜಿನ ಎದುರು ಕುಳಿತು, ಆ ಗುಂಡು ನಾನೇ ಹೊಡೆದದ್ದೆಂದು ಒಪ್ಪಿಕೊಳ್ಳಬೇಕೆಂದು ಕೇಳಿದನು. ಗುಡ್ಡದ ಹಿಂದೆ ಅಭ್ಯಾಸ ಮಾಡುವಾಗ ತಪ್ಪಿ ಹೋಯಿತು ಎಂದರೆ ಸಾಕು ಎಂದನು. "ನೀನು ಅಳು, ಕ್ಷಮೆ ಕೇಳು. ಶಾಲೆ ಅಡುಗೆ ಮಾಡೋ ವಿಧವೇನ ಯಾವ ಜಡ್ಜ್ ಜೈಲಿಗೆ ಹಾಕ್ತಾನೆ? ನನ್ನನ್ನಾದ್ರೆ ಹಾಕ್ತಾರೆ. ಜಗಳ ಊರಿಗೆಲ್ಲ ಗೊತ್ತು. ಹುಡುಗೀರನ್ನ ಮತ್ತೆ ನನ್ನ ಕಣ್ಣಿಗೆ ತೋರಿಸಲ್ಲ ಅವರಮ್ಮ."

ನನ್ನಿಂದಾಗದು ಎಂದೆ.

ಆಗ ಅವನು, "ನಿನಗೆ ಯಾರಿದ್ದಾರೆ ವಿಲ್ಮಾ? ಕಳಕೊಳ್ಳೋಕೆ ನಿನಗೇನಿದೆ? ಹೇಳು ನೋಡೋಣ" ಎಂದನು. ಬೈಗುಳದ ಧ್ವನಿಯಲ್ಲಿ ಅಲ್ಲ. ನಿಜವಾಗಿಯೂ ತಿಳಿಯಲು ಕೇಳಿದಂತಿತ್ತು. ನಾನು ಉತ್ತರ ಹುಡುಕಿದೆ. ಬುಧವಾರದ ಕ್ಲಬ್ಬು, ಶಾಲೆಯ ಮಕ್ಕಳು ತಟ್ಟೆ ಹಿಡಿದು ಬರುವುದು, ಶೆಡ್ಡು, ಅಚ್ಚು. ಬಾಯಿಬಿಟ್ಟು ಹೇಳಿದರೆ ಅವು ತೀರಾ ಸಣ್ಣವಾಗಿ ಕೇಳುತ್ತವೆ ಎನಿಸಿ ಸುಮ್ಮನಿದ್ದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡನು. ಅವನು ಎದ್ದು ನನ್ನ ತಟ್ಟೆಯನ್ನೂ ತೊಳೆಯಲು ಶುರುಮಾಡಿದಾಗ, ಮಾರ್ವಿನ್‌ರ ಮುಖ ನೋಡಿ ಆ ಸುಳ್ಳು ನನ್ನಿಂದ ಹೇಳಲಾಗದು ಎಂದು ಮತ್ತೆ ಹೇಳಿದೆ. ಅವನು ತಟ್ಟೆಯನ್ನು ನೀರಿನಲ್ಲೇ ಬಿಟ್ಟು ಹೊರಗೆ ಹೋದನು. ಹೊರಗಿನಿಂದ ಚಿಲಕಕ್ಕೆ ಏನೋ ಸಿಕ್ಕಿಸಿದ ಸದ್ದು ಕೇಳಿತು. ನನ್ನನ್ನು ಒಳಗೆ ಕೂಡಿಹಾಕಿದ್ದು ಅಂದೇ ಮೊದಲು.

ಶನಿವಾರ, ಅಕ್ಟೋಬರ್ ೧೨ರಂದು ಬೆಳಿಗ್ಗೆ ಹತ್ತರ ಸುಮಾರಿಗೆ ಅವನು ಬಾಗಿಲು ತೆಗೆದು, ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದನು. ನನ್ನಲ್ಲಿರುವ ಎಲ್ಲ ಗುಂಡುಗಳನ್ನೂ ಕರಗಿಸಿಬಿಡಬೇಕು, ಅಚ್ಚನ್ನು ತಾನು ನದಿಗೆ ಎಸೆಯುತ್ತೇನೆ, ಅಲ್ಲಿಗೆ ಮುಗಿಯಿತು ಎಂದನು. ಒಳಗಿನಿಂದ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುರ್ಚಿ ಎಳೆದು ಕುಳಿತನು. ಅವನ ಕೈಯಲ್ಲಿ ಆಯುಧ ಇರಲಿಲ್ಲ. "ಹೇಳಿದ್ದು ಮಾಡು. ನನ್ನಿಂದ ಇನ್ನೊಂದು ಕೆಟ್ಟ ಕೆಲಸ ಮಾಡಿಸ್ಬೇಡ" ಎಂದು ಬೆದರಿಸಿದನು. ಅವನಿಗೆ ನಾನು ಹೆದರಿದ್ದು ಆ ಮಾತಿಗೆ.

ಶೆಡ್ಡಿಗೆ ಒಂದೇ ಬಾಗಿಲು. ಕಿಟಕಿಗೆ ಲೀಫ್ ಕಳ್ಳರಿಗೆ ಹೆದರಿ ಸರಳು ಹಾಕಿಸಿದ್ದರು. ನಾನು ಕನ್ನಡಕ, ಚರ್ಮದ ಕೈಗವಸು, ಏಪ್ರನ್ ಹಾಕಿಕೊಂಡು ಒಲೆ ಹಚ್ಚಿದೆ. ಶನಿವಾರ ಹನ್ನೊಂದಕ್ಕೆ ಅಂಚೆಯ ಗಾಡಿ ಬರುತ್ತದೆ. ಅದು ಬರುವವರೆಗೆ ಕಾಲ ತಳ್ಳಬೇಕೆಂದು, ಸೀಸ ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಎನ್ನುತ್ತಾ ನಿಂತೆ. ಗಾಡಿ ಬಂತು. ರಸ್ತೆಯ ಜಲ್ಲಿಯ ಮೇಲೆ ಅದರ ಚಕ್ರದ ಸದ್ದು ಗೋಡೆಯ ಮೂಲಕ ಕೇಳಿತು. ನಮ್ಮ ಅಂಚೆ ಡಬ್ಬಿಯ ಬಳಿ ನಿಲ್ಲಲಿಲ್ಲ. ಆ ದಿನ ನಮಗೆ ಕಾಗದ ಇರಲಿಲ್ಲ ಎಂದು ತೋರುತ್ತದೆ.

ಡ್ವೇನ್ ಎದ್ದು ಬಂದು ಪಾತ್ರೆಯಲ್ಲಿ ಇಣುಕಿದನು. "ಹಾಲಿನ ಹಾಗೆ ಅಲುಗಾಡ್ತಿದೆ. ಇದು ಕಾದಿಲ್ವಾ? ನನ್ನನ್ನ ಏನು ಪೆದ್ದ ಅಂದ್ಕೊಂಡಿದ್ದೀಯಾ?" ಎಂದು ಕೂಗಿದನು. ನಾನು ಸುಳ್ಳು ಹೇಳಿದೆನೆಂದು ಒಪ್ಪಿಕೊಂಡೆ. ಡಬ್ಬಿಯಲ್ಲಿದ್ದ ಒಣ ಗುಂಡುಗಳನ್ನು ಸೌಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಪಾತ್ರೆಗೆ ಇಳಿಸತೊಡಗಿದೆ. ಬೇಸಿಗೆಯ ಸಂಜೆಗಳಲ್ಲಿ ಹೊಯ್ದವು. ಒಂದೊಂದೂ ಒಂದು ಕ್ಷಣ ಸೌಟಿನಲ್ಲೇ ಉಳಿದು, ಅಂಚು ಮೆತ್ತಗಾಗಿ, ಮಾಯವಾಗುತ್ತಿತ್ತು.

ಆ ಹೊತ್ತಿನಲ್ಲಿ ಸೌಟು ತುಂಬ ಕಾದ ಸೀಸ ನನ್ನ ಕೈಯಲ್ಲಿತ್ತು. ಅವನು ಎರಡು ಹೆಜ್ಜೆ ದೂರದಲ್ಲಿದ್ದನು. ಎರಚಬಹುದು ಎಂಬ ಯೋಚನೆ ನನಗೆ ಬಂತು. ಒಂದು ಸಲವಲ್ಲ. ಹಾಗೆ ಯೋಚಿಸಿದ್ದು ನಿಜ, ಎರಚದೇ ಇದ್ದದ್ದೂ ನಿಜ. ಸೌಟನ್ನು ಪಾತ್ರೆಗೇ ಬಗ್ಗಿಸಿದೆ.

ಬುಧವಾರ ಕ್ಲಬ್ಬಿಗೆ ಹೋಗುವ ಮುಂಚೆ ನಾನು ಹೊಯ್ದ ಗುಂಡುಗಳು ಬಕೆಟ್ಟಿನ ನೀರಿನ ತಳದಲ್ಲೇ ಉಳಿದಿದ್ದವು. ಡ್ವೇನ್ ಅವನ್ನು ಕಂಡು, "ಇವನ್ನ ಮುಚ್ಚಿಟ್ಟಿದ್ದೀಯಾ?" ಎಂದು ಬಕೆಟ್ಟಿಗೆ ಕೈ ಹಾಕಿ ಮುಷ್ಟಿ ತುಂಬ ಎತ್ತಿಕೊಂಡನು. ಅವನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾದ ಸೀಸದೊಳಗೆ ನೀರಿನ ಹನಿ ಹೋದರೆ ಸಿಡಿಯುತ್ತದೆ ಎಂಬುದು ಎರಕ ಹೊಯ್ಯುವವರು ಮೊದಲ ದಿನ ಕಲಿಯುವ ಪಾಠ. ನಾನು, "ಬೇಡ ಡ್ವೇನ್, ಒದ್ದೆ ಇದೆ, ಸಿಡಿಯುತ್ತೆ!" ಎಂದು ಕಿರುಚಿದೆ. ಅವನು, "ಸಾಕು ನಿನ್ನ ನಾಟಕ. ಕಾದಿಲ್ಲ ಅಂದೆ, ಈಗ ಸಿಡಿಯುತ್ತೆ ಅಂತೀಯಾ" ಎಂದು ಹೇಳಿ, ಎಲ್ಲವನ್ನೂ ಪಾತ್ರೆಗೆ ಎಸೆದನು.

ನಾನು ಮುಖ ತಿರುಗಿಸಿದ್ದೆ. ಬಂದೂಕಿನ ಸದ್ದಿಗಿಂತ ಮಂದವಾದ, ಆದರೆ ದೊಡ್ಡ ಸದ್ದು ಬಂತು. ಪಾತ್ರೆ ಅರ್ಧ ಖಾಲಿಯಾಯಿತು. ಸೂರಿಗೂ ಗೋಡೆಗೂ ಸೀಸ ಅಂಟಿಕೊಂಡಿತು. ಡೆಪ್ಯೂಟಿಯವರು ಹೋಗಿ ನೋಡಿದರೆ ಈಗಲೂ ಇರುತ್ತದೆ. ಸೌಟಿನಿಂದ ಎರಚಿದ್ದಾದರೆ ಸೂರಿಗೆ ಹಾಗೆ ಹತ್ತುವುದಿಲ್ಲ. ನನ್ನ ಬಲಗೈ ಕೈಗವಸಿನ ಮೇಲಿನಿಂದ ಮೊಣಕೈವರೆಗೆ ಸುಟ್ಟಿತು. ಡ್ವೇನ್ ಮುಖ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದನು. ತನ್ನ ತಾಯಿಯನ್ನು ಕೂಗುತ್ತಿದ್ದನು. ಆಕೆ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ.

ಬಾಗಿಲಿನ ಬಳಿ ಈಗ ಯಾರೂ ಇರಲಿಲ್ಲ. ನಾನು ಅಗುಳಿ ತೆಗೆದು ಹೊರಗೆ ಹೋದೆ. ಅಂಗಳದ ನಡುವಿನವರೆಗೆ ಹೋದೆ. ಮೂರು ದಿನದಲ್ಲಿ ನಾನು ಹೊರಗಿದ್ದು ನನ್ನನ್ನು ಯಾರೂ ನೋಡದಿದ್ದ ಹೊತ್ತು ಅದೊಂದೇ. ಅಲ್ಲಿಂದಲೂ ಅವನ ಕೂಗು ಕೇಳುತ್ತಿತ್ತು. ಹಿಂದಿರುಗಿ, ಬಕೆಟ್ಟಿನ ನೀರನ್ನೇ ಅವನ ಮುಖಕ್ಕೆ ಸುರಿದು, ತೋಳು ಹಿಡಿದು ದರದರನೆ ದನದ ತೊಟ್ಟಿಯವರೆಗೆ ಎಳೆದೊಯ್ದು ತಲೆಯನ್ನು ನೀರಿನಲ್ಲಿ ಹಿಡಿದೆ. ಅವನ ಜೇಬಿನಿಂದ ಟ್ರಕ್ಕಿನ ಕೀಲಿ ತೆಗೆದೆ. ಅಚ್ಚು ಇನ್ನೂ ಬೆಂಚಿನ ಮೇಲಿತ್ತು. ಅದನ್ನು ಏಪ್ರನ್ನಿನಲ್ಲಿ ಸುತ್ತಿ ಸೀಟಿನ ಕೆಳಗೆ ಹಾಕಿದೆ.

ಆಸ್ಪತ್ರೆ ಇಪ್ಪತ್ತೆರಡು ಮೈಲಿ. ಗೇರು ಎಡಗೈಯಲ್ಲಿ ಹಾಕಿಕೊಂಡು ಓಡಿಸಿದೆ. ಡ್ವೇನ್ ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತಿದ್ದನು. ಏನೂ ಕಾಣದಿದ್ದರೂ ತಿರುವುಗಳು ಅವನಿಗೆ ಗೊತ್ತಿದ್ದವು. ಸೇತುವೆ ಹತ್ತಿದ ಸದ್ದು ಕೇಳಿ, "ಇಲ್ಲಿ ನಿಲ್ಲಿಸು. ಅಚ್ಚನ್ನ ತಂದಿದ್ದೀಯ ಅಂತ ಗೊತ್ತು. ಎಸೆದುಬಿಡು ವಿಲ್ಮಾ. ನಿನ್ನ ಕಾಲಿಗೆ ಬೀಳ್ತೀನಿ" ಎಂದು ಬೇಡಿಕೊಂಡನು. ನಾನು ನಿಲ್ಲಿಸಲಿಲ್ಲ. ಅವನು ಸ್ಟಿಯರಿಂಗಿಗಾಗಿ ಕೈ ಚಾಚಿ ತಡಕಾಡಿದನು. ನಾನು ಅವನ ಕೈಯನ್ನು ಹಿಡಿದು ಅವನ ತೊಡೆಯ ಮೇಲೆ ಇಟ್ಟು, ಮುಖದ ಬಟ್ಟೆ ಬೀಳಿಸಬೇಡ ಎಂದೆ. ಆಮೇಲೆ ದಾರಿಯುದ್ದಕ್ಕೂ ಅವನು ಆಗಾಗ, "ಎಲ್ಲಿದ್ದೀವಿ?" ಎಂದು ಕೇಳುತ್ತಿದ್ದನು. ನಾನು ಹೇಳುತ್ತಿದ್ದೆ.

ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಒಳಗೆ ಒಯ್ದ ಮೇಲೆ, ನರ್ಸಿನ ಮೇಜಿನ ಟೆಲಿಫೋನಿನಿಂದ ಶೆರಿಫ್ ಕಚೇರಿಗೆ ಕರೆ ಮಾಡಿದವಳು ನಾನೇ. ಅಚ್ಚನ್ನು ಡೆಪ್ಯೂಟಿಯವರಿಗೆ ಒಪ್ಪಿಸಿ, ಅದರ ಗೀರನ್ನು ತೋರಿಸಿದ್ದೇನೆ. ಅವನ ಬಲಗಣ್ಣು ಉಳಿಯುವುದಿಲ್ಲ, ಎಡಗಣ್ಣಿನ ಬಗ್ಗೆ ಈಗಲೇ ಹೇಳಲಾಗದು ಎಂದು ಡಾಕ್ಟರು ತಿಳಿಸಿದರು. ಅವನ ಕೋಣೆ ನನ್ನದಕ್ಕೆ ಎದುರು ಸಾಲಿನಲ್ಲಿದೆ. ಬಾಗಿಲಲ್ಲಿ ಪೊಲೀಸರು ಕುಳಿತಿರುವುದರಿಂದ ನಾನು ಹೋಗಿ ನೋಡಿಲ್ಲ. ನಿನ್ನೆ ಐರಿಸ್ ಎಕ್ ತನ್ನ ಗಂಡನನ್ನು ನೋಡಲು ಇದೇ ಮಹಡಿಗೆ ಬಂದವಳು ನನ್ನ ಬಾಗಿಲಲ್ಲಿ ನಿಂತಳು. ನಾನೇ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ಬೆನ್ನು ತಿರುಗಿಸಿ ಹೊರಟುಹೋದಳು. ಅದನ್ನು ನಾನು ತಪ್ಪೆನ್ನುವುದಿಲ್ಲ.

ಇಷ್ಟೇ ನಾನು ಕಂಡದ್ದು, ಮಾಡಿದ್ದು, ಮಾಡದೇ ಬಿಟ್ಟದ್ದು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಬರೆದುದನ್ನು ಡೆಪ್ಯೂಟಿಯವರು ನನಗೆ ಓದಿ ಹೇಳಿದರು. ಆಸ್ಪತ್ರೆಗೆ ಬರುವಾಗ ಸೇತುವೆಯ ಬಳಿ ನಡೆದ ಮಾತಿಗೆ ಅವರು "ಬೆದರಿಸಿದನು" ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿ "ಬೇಡಿಕೊಂಡನು" ಎಂದು ಬರೆಸಿದ್ದೇನೆ. ಶೆಡ್ಡಿನಲ್ಲಿ ನಡೆದದ್ದಕ್ಕೂ ಅವರು "ಬೆದರಿಸಿದನು" ಎಂದೇ ಬರೆದಿದ್ದರು. ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಸ್ಥಳ: ಟಿಂಡಲ್ ಕೌಂಟಿ ಆಸ್ಪತ್ರೆ
ದಿನಾಂಕ: ೧೪-೧೦-೧೯೯೧

ವಿಲ್ಮಾ ಹೌಗನ್
(ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈಯಲ್ಲಿ ಸಹಿ)

ನನ್ನ ಮುಂದೆ: ರೂಬೆನ್ ಸ್ಟಾಲ್, ಡೆಪ್ಯೂಟಿ ಶೆರಿಫ್